ನಾದಿನಿಯ ಹ್ಞೂಂ

"ನನ್ನ ನಾಲಿಗೆ ಕೆಟ್ಟಿದೆಯೋ, ಕಾಫಿಯೇ ಬದಲಾಗಿದೆಯೋ ತಿಳಿಯುತ್ತಿಲ್ಲ. ಮಂಗಳವಾರದಿಂದ ನನಗೆ ಮಲ್ಲಿಗೆ ಸಿಕ್ಕಿಲ್ಲ. ಆದರೂ ಅತ್ತಿಗೆ ಕೇಳಿದಾಗಲೆಲ್ಲ ಹ್ಞೂಂ ಅಂದಿದ್ದೇನೆ. ಲೆಕ್ಕ ಇಟ್ಟಿಲ್ಲ, ಇಟ್ಟರೆ ನಾಚಿಕೆಯಾಗುತ್ತದೆ."

ಸ್ಪರ್ಧೆಯ ದಿನ ಬೆಳಿಗ್ಗೆ, ಸಭಾಂಗಣದ ಹಿಂಬದಿಯ ಮೆಟ್ಟಿಲ ಮೇಲೆ ಕೂತು ಅವಳು ದಿನಚರಿಯಲ್ಲಿ ಇಷ್ಟು ಬರೆದು ಪುಸ್ತಕ ಮುಚ್ಚಿದಳು. ಒಳಗಿಂದ ಕಾಫಿ ಬೀಸುವ ಯಂತ್ರಗಳ ಸದ್ದು ಒಂದಾದ ಮೇಲೊಂದು ಕೇಳುತ್ತಿತ್ತು. ಹನ್ನೊಂದು ಜನ ಸ್ಪರ್ಧಿಗಳು, ಹನ್ನೊಂದು ಬಗೆಯ ಗುರುಗುರು.

ಅವಳು ಸಸ್ಯಶಾಸ್ತ್ರದ ಪದವಿ ಮುಗಿಸಿ ಎಂಟು ತಿಂಗಳಾಗಿತ್ತು. ಮಾತೆಂದರೆ ಅವಳಿಗೆ ಕಬ್ಬಿಣದ ಕಡಲೆ. ಬಸ್ಸಿನಲ್ಲಿ "ನಿಲ್ಲಿಸಿ" ಎನ್ನಲು ನಾಚಿ ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದು ಬರುವ ಜಾತಿ. ಇಂಥವಳು ಅಣ್ಣ ಅತ್ತಿಗೆಯ ಕಾಫಿ ಅಂಗಡಿಯಲ್ಲಿ ಕಪ್ಪು ತೊಳೆಯುತ್ತಾ, ಸಂಜೆಯ ಹೊತ್ತು ಕಿಟಕಿ ಪಕ್ಕದ ಮೇಜಿನಲ್ಲಿ ಏನೋ ಬರೆಯುತ್ತಾ ಕಾಲ ಹಾಕಿಕೊಂಡಿದ್ದಳು.

ಅಂಗಡಿಯ ಜೀವವೆಲ್ಲ ಅತ್ತಿಗೆಯವರ ಕೈಯಲ್ಲಿತ್ತು. ಅವರು ಮೊದಲು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದವರು. ಅಳುವ ಮಗುವಿಗೂ ಚುಚ್ಚಿದ್ದು ಗೊತ್ತಾಗದಂತೆ ಸೂಜಿ ಇಳಿಸುತ್ತಿದ್ದ ಆ ಕೈಯೇ ಈಗ ಕಾಫಿ ಯಂತ್ರದ ಮುಂದೆ ನಿಂತಿತ್ತು. ಕಾಫಿ ತಯಾರಿಸುವವರ ಬರಿಸ್ತಾ ಸ್ಪರ್ಧೆಗೆ ಇದು ಅವರ ಮೂರನೆಯ ಸಲ. ಮೊದಲ ಸಲ ಒಂಬತ್ತನೆಯವರಾದರು, ಎರಡನೆಯ ಸಲ ಏಳನೆಯವರು. ಮೊದಲ ಆರು ಜನ ಮಾತ್ರ ಅಂತಿಮ ಸುತ್ತಿಗೆ ಹೋಗುವುದು. "ಈ ಸಲ ಆಗದಿದ್ರೆ ಇಲ್ಲಿಗೆ ಕೈಮುಗಿದೆ. ಅಂಗಡಿ ನೋಡ್ಕೊಂಡು ನೆಮ್ಮದಿಯಾಗಿ ಇರ್ತೀನಿ" ಎಂದಿದ್ದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ನೆಮ್ಮದಿ ಎಂಬುದು ಹುಡುಕಿದರೂ ಸಿಗುವಂತಿರಲಿಲ್ಲ.

ನಾದಿನಿಯ ನಾಲಿಗೆಯನ್ನು ಪತ್ತೆಹಚ್ಚಿದವರೂ ಅತ್ತಿಗೆಯೇ. ಒಮ್ಮೆ ಸುಮ್ಮನೆ ಮೂರು ಬಟ್ಟಲಿಟ್ಟು, "ಇದರಲ್ಲಿ ಒಂದು ಬೇರೆ, ಯಾವುದು ಹೇಳು" ಎಂದರು. ಅವಳು ಹೇಳಲಿಲ್ಲ; ಒಂದೊಂದು ಚಮಚ ಹೀರಿ, ಒಂದು ಬಟ್ಟಲನ್ನು ಬೆರಳ ತುದಿಯಿಂದ ಮುಂದಕ್ಕೆ ತಳ್ಳಿದಳು. ಸರಿಯಾಗಿತ್ತು. ಇಪ್ಪತ್ತು ಸಲ ಇಟ್ಟರೆ ಇಪ್ಪತ್ತು ಸಲವೂ ಸರಿ. ಅಣ್ಣ ಬಾಯಿ ಬಿಟ್ಟುಕೊಂಡು ನೋಡಿದ. "ನಮ್ಮನೇಲಿ ಇಂಥ ನಾಲಿಗೆ ಇದ್ದಿದ್ದು ನನಗೇ ಗೊತ್ತಿಲ್ವಲ್ಲೇ!"

"ಅದು ಹೊರಗೆ ಬಂದಿದ್ರೆ ತಾನೇ ಗೊತ್ತಾಗೋದು" ಎಂದರು ಅತ್ತಿಗೆ.

ಅಂದಿನಿಂದ ಅವಳು ಮನೆಯ ರುಚಿಗಾರ್ತಿ. ಬೆರಳು ಮಾತಾಡುತ್ತಿತ್ತು, ಬಾಯಿಗೆ ಬಿಡುವು.

ಸ್ಪರ್ಧೆಯ ಕಾಫಿಯನ್ನು ಹುರಿದುಕೊಟ್ಟವರು ಗ್ರಾಂ ಮೇಷ್ಟ್ರು. ಊಟಕ್ಕೆ ಕೂತರೂ ಉಪ್ಪು ಎಷ್ಟು ಗ್ರಾಂ ಎಂದು ಕೇಳುವ ಮನುಷ್ಯ, ಅದಕ್ಕೇ ಆ ಹೆಸರು. ಮೊದಲ ಸಲ ಹುರಿದ ಕಾಫಿಯಲ್ಲಿ ಮಲ್ಲಿಗೆಯ ಪರಿಮಳ ಇತ್ತು. ಬಟ್ಟಲು ಮೂಗಿನ ಹತ್ತಿರ ತಂದರೆ ಸಾಕು, ಯಾರೋ ಹೂ ಮುಡಿದವರು ಪಕ್ಕದಲ್ಲೇ ಹಾದುಹೋದಂತೆ. ಅತ್ತಿಗೆ ವೇದಿಕೆಯ ಮೇಲೆ ತೀರ್ಪುಗಾರರಿಗೆ ಕಾಫಿಯ ರುಚಿ ವಿವರಿಸಬೇಕಾದ ತಮ್ಮ ಹದಿನೈದು ನಿಮಿಷದ ಮಾತನ್ನೆಲ್ಲ ಆ ಮಲ್ಲಿಗೆಯ ಮೇಲೇ ಕಟ್ಟಿದರು. ಆದರೆ ನಾಲ್ಕು ತಿಂಗಳ ಅಭ್ಯಾಸದಲ್ಲಿ ಆ ಕಾಫಿ ಮುಗಿದೇ ಹೋಯಿತು. ಮೇಷ್ಟ್ರು ಅದೇ ಚೀಲದ ಉಳಿದ ಹಸಿ ಬೀಜವನ್ನು ಮತ್ತೆ ಹುರಿದು, ಅಳೆದು, ಗಾಳಿಯಾಡದ ಗಾಜಿನ ನಳಿಕೆಗಳಲ್ಲಿ ತುಂಬಿ, ಹಿಮದಂತೆ ಹೆಪ್ಪುಗಟ್ಟಿಸಿ ಮಂಗಳವಾರ ತಂದುಕೊಟ್ಟರು. ಸಮಯ, ಶಾಖ, ಬಣ್ಣ ಎಲ್ಲ ಹಿಂದಿನಂತೆಯೇ ಎಂದು ಕಾಗದವನ್ನೂ ತೋರಿಸಿದರು.

ಅದನ್ನು ಕುಡಿದು ನೋಡಿದವರು ಯಾರು? ಮೇಷ್ಟ್ರಿಗೆ ವಾರದಿಂದ ನೆಗಡಿ. "ನನ್ನ ಮೂಗು ರಜಾ ಹಾಕಿದೆ" ಎಂದು ಕರವಸ್ತ್ರ ಹಿಡಿದೇ ಓಡಾಡುತ್ತಿದ್ದರು. ಅತ್ತಿಗೆಗೆ ಕೈ ನಡುಗಬಾರದೆಂದು ಕೊನೆಯ ವಾರ ಕಾಫಿ ವರ್ಜ್ಯ. ಅಣ್ಣನಂತೂ ಯಾರೂ ನೋಡದಾಗ ಸಕ್ಕರೆ ಹಾಕಿಕೊಳ್ಳುವವನು. ಉಳಿದದ್ದು ಒಂದೇ ನಾಲಿಗೆ.

"ಮಲ್ಲಿಗೆ ಬಂತಾ?" ಎಂದು ಅತ್ತಿಗೆ ಕೇಳಿದ್ದರು, ಕಣ್ಣಲ್ಲಿ ಅಷ್ಟು ಆಸೆ ಇಟ್ಟುಕೊಂಡು.

"ಹ್ಞೂಂ" ಎಂದಿದ್ದಳು ಅವಳು. ಮೊದಲ ಸುಳ್ಳು ಸಣ್ಣದು. ಆಮೇಲಿನವೆಲ್ಲ ಅದರ ಮರಿಗಳು.

"ಏನಮ್ಮಾ ಪದವೀಧರೆ, ಒಳಗೆ ಕಪ್ಪು ಕಾಯ್ತಾ ಇವೆ" ಎಂದು ಮೇಷ್ಟ್ರು ಬಾಗಿಲಿಂದ ಕರೆದಾಗ ಅವಳು ಎದ್ದು ಒಳಗೆ ಹೋದಳು.

ಅಭ್ಯಾಸದ ಕೋಣೆ ಶಾಲೆಯ ತರಗತಿಯಷ್ಟು ಅಗಲ. ಗೋಡೆಯುದ್ದಕ್ಕೂ ಮೇಜುಗಳು, ನೆಲದ ತುಂಬ ವಿದ್ಯುತ್ ತಂತಿ, ಮೂಲೆಯಲ್ಲಿ ಎಲ್ಲರಿಗೂ ಸೇರಿದ ದೊಡ್ಡ ಫ್ರೀಜರು. ಒಂದೊಂದು ಮೇಜೂ ಒಂದೊಂದು ಪ್ರಯೋಗಶಾಲೆ. ಅವಳಿಗೆ ಆ ಸಾಮಾನುಗಳನ್ನು ನೋಡುವುದೆಂದರೆ ಹಬ್ಬ. ಒಬ್ಬರ ಬಳಿ ಬೀಸಿದ ಹಿಟ್ಟನ್ನು ಸೋಸಿ ತೀರ ನುಣ್ಣಗಿನ ಧೂಳನ್ನು ಬೇರೆ ಮಾಡುವ ಪುಟ್ಟ ಜರಡಿ. ಇನ್ನೊಬ್ಬರ ಬಳಿ ಕಾಫಿಯ ಕೆಳಗೆ ಹಾಸಲು ನಾಣ್ಯದಗಲ ಕತ್ತರಿಸಿದ ಕಾಗದ. ಮತ್ತೊಬ್ಬರು ಬಟ್ಟಲುಗಳನ್ನು ಎಷ್ಟು ಬೆಚ್ಚಗಿಡಬೇಕೆಂದು ಉಷ್ಣಮಾಪಕ ಹಿಡಿದು ನಿಂತಿದ್ದರು, ಜ್ವರದ ಮಗುವಿನ ಪಕ್ಕ ತಾಯಿ ನಿಂತ ಹಾಗೆ.

"ಎಣಿಸಿದೆ ಕಣೇ" ಎಂದ ಅಣ್ಣ ಪಿಸುದನಿಯಲ್ಲಿ. "ಹನ್ನೊಂದರಲ್ಲಿ ಒಂಬತ್ತು ಮೇಜಿನ ಮೇಲೆ ಗುಂಡು ಇದೆ!"

ಗುಂಡು ಎಂದರೆ ನೆಲ್ಲಿಕಾಯಿ ಗಾತ್ರದ, ಚಿನ್ನದ ಬಣ್ಣದ ಲೋಹದ ಉಂಡೆ. ಅದನ್ನು ಫ್ರೀಜರಿನಲ್ಲಿಟ್ಟು ಕೊರೆಯುವಂತೆ ಮಾಡಿ, ಯಂತ್ರದಿಂದ ಕಾಫಿ ಇಳಿಯುವ ಜಾಗದಲ್ಲಿ ಹಿಡಿಯುತ್ತಾರೆ. ಮೊದಲ ಹನಿಗಳು ಅದರ ಮೈಮೇಲೆ ಜಾರಿ ತಣ್ಣಗಾಗಿ ಬಟ್ಟಲಿಗೆ ಬೀಳುತ್ತವೆ. ಬಿಸಿಯಲ್ಲಿ ಹಾರಿಹೋಗುವ ಪರಿಮಳ ಹಾರದೆ ಉಳಿಯಲಿ ಎಂಬ ಉಪಾಯ.

"ಇದು ಕಾಫಿ ಸ್ಪರ್ಧೆಯೋ ಗೋಲಿ ಆಟವೋ" ಎಂದು ಮೇಷ್ಟ್ರು ಮೂಗೊರೆಸಿಕೊಂಡರು. "ನಮ್ಮ ಕಾಲದಲ್ಲಿ ಹಾಲಿನ ನೊರೆಯಲ್ಲಿ ಹಂಸ ಬರೆದ್ರೆ ಜನ ಎದ್ದು ನಿಲ್ತಿದ್ರು. ಈಗ ಹಂಸ ಎಲ್ಲರಿಗೂ ಬರುತ್ತೆ. ಆಟ ಈಗ ಹಿಟ್ಟಿನ ಕಣಕಣದೊಳಗೆ ಇಳಿದಿದೆ."

"ಕುಣಿಯೋಕೆ ಬಾರದವರಿಗೆ ನೆಲ ಡೊಂಕು ಅಂತಾರೆ. ನಿಮಗೆ ಗುಂಡು ಡೊಂಕು" ಎಂದ ಅಣ್ಣ.

"ನಾನೇನು ಬೇಡ ಅಂದ್ನಾ? ಚೆನ್ನಾಗಿದೆ ಅಂತಾನೇ ಹೊಟ್ಟೆಕಿಚ್ಚು."

ಅತ್ತಿಗೆ ಇಬ್ಬರ ಕಡೆಗೂ ತಿರುಗದೆ, "ರೀ, ಹಾಲು ಕರಗ್ತಾ ಇದೆ ನೋಡಿ" ಎಂದರು. ಹಾಲಿನದೂ ಒಂದು ಕಲೆಯೇ. ಅದನ್ನು ಕಲ್ಲಿನಂತೆ ಹೆಪ್ಪುಗಟ್ಟಿಸಿ, ಆಮೇಲೆ ಮೆಲ್ಲಗೆ ಕರಗಲು ಬಿಟ್ಟರೆ ಸಿಹಿ ಭಾಗ ಮೊದಲು ಇಳಿದು ಬರುತ್ತದೆ, ನೀರು ಮಂಜುಗಡ್ಡೆಯಾಗಿ ಹಿಂದೆ ಉಳಿಯುತ್ತದೆ. ಅರ್ಧ ಕರಗಿದಾಗ ನಿಲ್ಲಿಸಬೇಕು. ಅಣ್ಣ ಓಡಿದ. ಅಂಗಡಿಯಲ್ಲಿ ಹಾಲು ಉಕ್ಕಿಸುವವನೆಂದೇ ಹೆಸರಾದವನು ಇಲ್ಲಿ ತಕ್ಕಡಿ ಹಿಡಿದು ಹನಿ ಲೆಕ್ಕ ಹಾಕುತ್ತಿದ್ದ. ಹೆಂಡತಿಯ ಕನಸು ಅವನನ್ನು ಅಷ್ಟರಮಟ್ಟಿಗೆ ಪಳಗಿಸಿತ್ತು.

ಅತ್ತಿಗೆ ಅಭ್ಯಾಸಕ್ಕೆ ನಿಂತರು. ನೂರಾರು ಸಲ ನೋಡಿದ್ದರೂ ಅವಳು ಉಸಿರು ಬಿಗಿಹಿಡಿದು ನೋಡಿದಳು. ನಳಿಕೆಯಿಂದ ಹೆಪ್ಪುಗಟ್ಟಿದ ಬೀಜ ಸುರಿದರು. ಅದರ ಮೇಲೆ ಅತ್ತರಿನ ಬಾಟಲಿಯಿಂದ ಸಿಂಪಡಿಸಿದಂತೆ ಒಂದೇ ಒಂದು ಸಲ ನೀರು, ಹಿಟ್ಟು ಯಂತ್ರದ ಗೋಡೆಗೆ ಅಂಟದಿರಲಿ ಎಂದು. ಬೀಸಿದ ಹಿಟ್ಟನ್ನು ಕೂದಲೆಳೆಯಂಥ ಎಂಟು ಸೂಜಿಗಳ ಕಡ್ಡಿಯಿಂದ ಕೆದರಿದರು, ಬುಡದಿಂದ ಮೇಲಕ್ಕೆ, ಒಂದು ಗಂಟೂ ಉಳಿಯದಂತೆ. ರಕ್ತನಾಳ ಹುಡುಕುತ್ತಿದ್ದ ಬೆರಳುಗಳಿಗೆ ಆ ಸೂಜಿ ಹೊಸದೇನಲ್ಲ. ಹಿಟ್ಟಿನ ಮೇಲೆ ಲೋಹದ ಬಿಲ್ಲೆಯಿಟ್ಟು ಒಂದೇ ಸಮ ಅದುಮಿದರು, ಟಕ್ ಎಂದಿತು. ಹಿಟ್ಟು ತುಂಬಿದ ಹಿಡಿಸೌಟನ್ನು ಯಂತ್ರಕ್ಕೆ ಸಿಕ್ಕಿಸಿ, ಗುಂಡಿಯೊತ್ತಿ, ಎಡಗೈಯಲ್ಲಿ ಚಿನ್ನದ ಗುಂಡನ್ನು ಧಾರೆಗೆ ಹಿಡಿದರು. ಕಾಫಿ ಇಲಿಬಾಲದಷ್ಟು ತೆಳ್ಳಗೆ ಇಳಿಯಿತು. ಹತ್ತು ಸೆಕೆಂಡಿಗೆ ಗುಂಡನ್ನು ಸರಿಸಿದರು, ಇಪ್ಪತ್ತೆಂಟಕ್ಕೆ ನಿಲ್ಲಿಸಿದರು. ಗಡಿಯಾರವನ್ನು ಒಮ್ಮೆಯೂ ನೋಡಲಿಲ್ಲ. ಮೇಜಿನ ಮೇಲೆ ಒಂದು ಚಿಟಿಕೆ ಹಿಟ್ಟೂ ಚೆಲ್ಲಿರಲಿಲ್ಲ.

"ಭೇಷ್" ಎಂದರು ಮೇಷ್ಟ್ರು. ಅವರ ಬಾಯಿಂದ ಅದು ವರ್ಷಕ್ಕೊಮ್ಮೆ ಬರುವ ಮಾತು.

ಆ ಕೈಗೆ ಅವಳು ಸುಳ್ಳು ಹೇಳುತ್ತಿದ್ದಳು. ಬಟ್ಟಲು ಎತ್ತಿ ಹೀರಿದಳು. ಮಲ್ಲಿಗೆ ಇಲ್ಲ. ಅದರ ಜಾಗದಲ್ಲಿ ಬೇರೇನೋ ಇತ್ತು. ಆದರೆ ಅದನ್ನು ನಿಂತು ನೋಡುವಷ್ಟು ಧೈರ್ಯ ಇರಲಿಲ್ಲ.

"ಬಂತಾ?"

"ಹ್ಞೂಂ."

ಅಷ್ಟರಲ್ಲಿ ಹೊರಗೆ ಚಪ್ಪಾಳೆ ಕೇಳಿಸಿತು. ಉಣ್ಣೆಯ ಟೋಪಿ ಹಾಕಿದ ಸ್ಪರ್ಧಿ ವೇದಿಕೆ ಏರಿದ್ದ. ಹಿಂದಿನ ವರ್ಷ ಎರಡನೆಯ ಸ್ಥಾನ ಪಡೆದವನು. "ಹೋಗಿ ನೋಡ್ಕೊಂಡು ಬನ್ನಿ. ನಮಗಿನ್ನೂ ಒಂದು ಗಂಟೆ ಇದೆ" ಎಂದು ಅತ್ತಿಗೆ ನಾದಿನಿಯನ್ನೂ ಮೇಷ್ಟ್ರನ್ನೂ ಕಳಿಸಿದರು.

ವೇದಿಕೆಯ ಮೇಲೆ ಉದ್ದನೆಯ ಮೇಜು. ಎದುರಿಗೆ ರುಚಿ ನೋಡುವ ನಾಲ್ವರು ತೀರ್ಪುಗಾರರು; ಸ್ಪರ್ಧಿಯ ಬೆನ್ನ ಹಿಂದೆ ಹಲಗೆ ಹಿಡಿದ ಇಬ್ಬರು, ಎಷ್ಟು ಹಿಟ್ಟು ಚೆಲ್ಲಿತು, ಯಾವ ಬಟ್ಟೆಯಿಂದ ಏನು ಒರೆಸಿದ ಎಂದು ಗುರುತು ಹಾಕಿಕೊಳ್ಳುವವರು. ಹದಿನೈದು ನಿಮಿಷ, ಹನ್ನೆರಡು ಬಟ್ಟಲು: ನಾಲ್ಕು ಗಟ್ಟಿ ಕಾಫಿ, ನಾಲ್ಕು ಹಾಲಿನದು, ನಾಲ್ಕು ಅವನದೇ ಸ್ವಂತ ಕಲ್ಪನೆಯದು. ಟೋಪಿಯವನ ಬಳಿ ಗುಂಡು ಇರಲಿಲ್ಲ. ಜರಡಿ ಇತ್ತು, ಮತ್ತು ನೀರಿನ ಒತ್ತಡವನ್ನು ಕೈಯಿಂದಲೇ ಏರಿಸಿ ಇಳಿಸುವ ಸನ್ನೆಕೋಲಿನ ಯಂತ್ರ. ಅವನು ಅದನ್ನು ಎಳೆಯುತ್ತಿದ್ದ ರೀತಿ, ಹಡಗಿನ ಹಾಯಿ ಇಳಿಸುವವನಂತೆ.

"ಮೊದಲ ಗುಟುಕಿಗೆ ಏಪ್ರಿಕಾಟ್ ಹಣ್ಣು. ತಣ್ಣಗಾದಂತೆ ಕಪ್ಪು ಚಹಾ" ಎಂದು ಹೇಳಿ ಅವನು ಬಟ್ಟಲುಗಳನ್ನಿಟ್ಟ.

ನಾಲ್ವರೂ ಕುಡಿದರು. ತುದಿಯಲ್ಲಿ ಕೂತ ಬಿಳಿಕೂದಲಿನ ತೀರ್ಪುಗಾರ್ತಿಯ ಹುಬ್ಬು ಸಡಿಲವಾಯಿತು. ಹೇಳಿದ್ದು ಸಿಕ್ಕಿದಾಗ ಮನುಷ್ಯರ ಮುಖ ಹೇಗಿರುತ್ತದೆಂದು ಅವಳು ಅಂದು ಕಂಡಳು. ನಿಲ್ದಾಣದಲ್ಲಿ ಬರಬೇಕಾದವರು ರೈಲಿನಿಂದ ಇಳಿದದ್ದನ್ನು ಕಂಡ ಹಾಗೆ. ನಾಲ್ಕು ಪೆನ್ಸಿಲುಗಳೂ ಒಟ್ಟಿಗೆ ಓಡಿದವು.

ಹಾಲಿನ ಕಾಫಿ ಬಂತು. "ಇದರಲ್ಲಿ ಹುರಿದ ಬಾದಾಮಿ, ಕೊನೆಗೆ ಬಾಳೆಹಣ್ಣು" ಎಂದ. ನೊರೆ ರೇಷ್ಮೆಯಂತಿತ್ತು. ನಾಲ್ವರೂ ಕುಡಿದರು, ಮತ್ತೊಮ್ಮೆ ಕುಡಿದರು. ಬಿಳಿಕೂದಲಿನಾಕೆ ಪಕ್ಕದವರನ್ನು ನೋಡಲಿಲ್ಲ, ಬಟ್ಟಲನ್ನೇ ನೋಡಿದಳು. ಪೆನ್ಸಿಲುಗಳು ಕಾಗದದ ಮೇಲೆ ನಿಂತವು, ಓಡಲಿಲ್ಲ.

"ಬಾಳೆಹಣ್ಣು ಸಿಗಲಿಲ್ಲ" ಎಂದರು ಮೇಷ್ಟ್ರು ಮೆಲ್ಲಗೆ. "ಕಾಫಿ ಚಿನ್ನದಂಥದ್ದೇ ಇರಬಹುದು. ಆದ್ರೆ ಹೇಳಿದ್ದು ಬಟ್ಟಲಲ್ಲಿ ಇರಬೇಕು, ಬಟ್ಟಲಲ್ಲಿ ಇರೋದನ್ನ ಹೇಳಿರಬೇಕು. ಅಂಕ ಅದಕ್ಕೇನೇ. ಪಾಪ, ಕೈ ಎಷ್ಟು ಚೆನ್ನಾಗಿದೆ ನೋಡು. ಒಂದು ಬಾಳೆಹಣ್ಣಲ್ಲಿ ಜಾರಿದ."

ಅವಳಿಗೆ ನಗು ಬರಲಿಲ್ಲ. ಟೋಪಿಯವನ ತಂಡದಲ್ಲೂ ಯಾರೋ ಒಬ್ಬರು ಹ್ಞೂಂ ಅಂದಿರಬೇಕು ಎನಿಸಿತು.

ಅವಳು ಅಭ್ಯಾಸದ ಕೋಣೆಗೆ ಓಡುತ್ತಲೇ ಬಂದಳು. ಬಂದು ಅತ್ತಿಗೆಯ ಪಕ್ಕ ನಿಂತಳು. ನಿಂತೇ ಇದ್ದಳು. ಅತ್ತಿಗೆ ಕಣ್ಣುಮುಚ್ಚಿ ಮಾತು ಒಪ್ಪಿಸಿಕೊಳ್ಳುತ್ತಿದ್ದರು. "ತೀರ್ಪುಗಾರರೇ, ಕಾಫಿಯಲ್ಲಿ ಹೂವಿರುತ್ತದೆ ಎಂದು ನನಗೆ ಮೊದಲು ತೋರಿಸಿದ್ದು ಈ ಬೀಜ. ಬಟ್ಟಲನ್ನು ಮೂಗಿನ ಹತ್ತಿರ ತನ್ನಿ. ಮಲ್ಲಿಗೆ..." ನಾಲ್ಕು ತಿಂಗಳು ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ಹೇಳಿಕೊಂಡ ಮಾತು. ಈಗ ಅದರ ಬುಡಕ್ಕೇ ಕೈ ಹಾಕುವುದೇ? ಮಾತು ಆಡಿದರೆ ಹೋಯಿತು. ತಪ್ಪಿದ್ದು ತನ್ನ ನಾಲಿಗೆಯೇ ಆಗಿದ್ದರೆ? ಅತ್ತಿಗೆ ತನ್ನ ಒಂದು ಮಾತಿನಿಂದ ಎಡವಿಬಿದ್ದರೆ? ಹೇಳದೆ ಬಿಟ್ಟರೆ, ಆ ನಾಲ್ಕು ಪೆನ್ಸಿಲುಗಳು?

ಟೋಪಿಯವನ ನಂತರದ ಸ್ಪರ್ಧಿಯ ಸರದಿ ಮುಗಿಯುತ್ತ ಬಂತು. ಕಿವಿಗೆ ಮೈಕು ಸಿಕ್ಕಿಸಿಕೊಂಡ ಸಂಘಟಕಿ ಇಣುಕಿ, "ಹನ್ನೆರಡು ನಿಮಿಷ" ಎಂದಳು. ಅಣ್ಣ ತಟ್ಟೆಯಲ್ಲಿ ಬಟ್ಟಲುಗಳನ್ನು ಜೋಡಿಸುತ್ತಾ ಒಂದೊಂದನ್ನೂ ಬೆಳಕಿಗೆ ಹಿಡಿದು ಒರೆಸುತ್ತಿದ್ದ. ಮೇಜಿನ ಮೇಲೆ ತೀರ್ಪುಗಾರರ ಎದುರು ಇಡಬೇಕಾದ ನಾಲ್ಕು ಚೀಟಿಗಳಿದ್ದವು. ಅತ್ತಿಗೆಯ ದುಂಡನೆಯ ಅಕ್ಷರದಲ್ಲಿ ಮಲ್ಲಿಗೆ, ಕಿತ್ತಳೆ ಸಿಪ್ಪೆ, ಜೇನು.

ಅತ್ತಿಗೆ ಕೊನೆಯ ಪರೀಕ್ಷೆಯ ಬಟ್ಟಲನ್ನು ಇಳಿಸಿ ಅವಳ ಮುಂದಿಟ್ಟರು. "ಹ್ಞಾಂ, ನಾದಿನಿ. ಕೊನೇದು."

ಅವಳು ಹೀರಿದಳು. ಈ ಸಲ ಇಲ್ಲದ್ದನ್ನು ಹುಡುಕಲಿಲ್ಲ. ಇರುವುದನ್ನು ನಾಲಿಗೆಯ ಮೇಲೆ ಹಾಗೇ ಕೂರಲು ಬಿಟ್ಟಳು, ತಣ್ಣಗಾಗುವವರೆಗೂ. ಮತ್ತೊಮ್ಮೆ ಹೀರಿದಳು.

"ಸೂಪರ್ ಅಂತೆ" ಎಂದು ಅಣ್ಣನೇ ಅವಳ ಪರವಾಗಿ ಹೇಳಿಬಿಟ್ಟ. "ನಡಿ, ನಡಿ, ತಟ್ಟೆ ತಗೋ."

ಅವಳು ಬೆರಳಿಂದ ಬಟ್ಟಲನ್ನು ಮುಂದಕ್ಕೆ ತಳ್ಳಿದಳು.

ಅತ್ತಿಗೆ ಬಟ್ಟಲನ್ನು ನೋಡಿದರು, ಅವಳನ್ನು ನೋಡಿದರು. "ಬೇರೆ ಇದೆಯಾ? ಇಲ್ಲಿ ಇರೋದೇ ಒಂದು ಬಟ್ಟಲು. ಯಾವುದರಿಂದ ಬೇರೆ?"

ಬೆರಳಿಗೆ ಅಷ್ಟು ಮಾತು ಬರುತ್ತಿರಲಿಲ್ಲ. ಅವಳು ಚೀಟಿಯ ಮೊದಲ ಪದದ ಮೇಲೆ ಬೆರಳಿಟ್ಟಳು.

"ಮಲ್ಲಿಗೆ ಇಲ್ವಾ?" ಅತ್ತಿಗೆಯ ದನಿ ಸಣ್ಣಗಾಯಿತು.

ಅವಳು ತಲೆ ಅಲ್ಲಾಡಿಸಿದಳು, ಇಲ್ಲ ಎಂದು.

"ಯಾವತ್ತಿಂದ?"

ಅವಳು ಮೇಷ್ಟ್ರ ನಳಿಕೆಗಳ ಕಡೆ ಕಣ್ಣು ಹಾಯಿಸಿದಳು. ಮೇಷ್ಟ್ರಿಗೆ ಅರ್ಥವಾಯಿತು. "ಹಸಿ ಬೀಜ ಚೀಲದಲ್ಲಿ ನಾಲ್ಕು ತಿಂಗಳು ಕೂತಿತ್ತಲ್ಲ" ಎಂದು ಹಣೆ ಒತ್ತಿಕೊಂಡರು. "ಮೊದಲು ಹೋಗೋದೇ ಹೂವು. ಕಾಗದ ನೋಡಿದ್ನೇ ಹೊರತು ಬೀಜ ನೋಡ್ಲಿಲ್ಲ ನಾನು."

"ಈಗ ಹೇಳ್ತಾ ಇದೀಯಲ್ಲೇ! ಇಷ್ಟು ದಿನ ಕೋಲೆ ಬಸವನ ಹಾಗೆ ತಲೆ ಆಡಿಸಿ..." ಅಣ್ಣನ ದನಿ ಏರಿತು. ಅವಳ ಕಣ್ಣು ತುಂಬಿತು.

"ರೀ, ಸುಮ್ಮನಿರಿ" ಎಂದರು ಅತ್ತಿಗೆ. ವಾರದ ವ್ರತ ಮುರಿದು ಬಟ್ಟಲೆತ್ತಿ ತಾವೇ ಒಂದು ಗುಟುಕು ಕುಡಿದರು. ಕಣ್ಣುಮುಚ್ಚಿದರು. "ನನಗೆ ಮಲ್ಲಿಗೆ ಸಿಗ್ತಾ ಇದೆ..." ಎಂದವರು, ಇನ್ನೊಂದು ಗುಟುಕಿಗೆ ನಿಧಾನವಾಗಿ ಕಣ್ಣು ಬಿಟ್ಟರು. "ಇಲ್ಲ. ನನಗೆ ಸಿಗ್ತಾ ಇರೋದು ನನ್ನ ಭಾಷಣ."

ಪಕ್ಕದ ಮೇಜಿನ ಬೀಸುವ ಯಂತ್ರ ಒಂದು ಸುತ್ತು ಓಡಿ ನಿಂತಿತು. "ಏಳು ನಿಮಿಷ" ಎಂದಳು ಸಂಘಟಕಿ.

ಅತ್ತಿಗೆ ದಪ್ಪ ಪೆನ್ನು ಕೈಗೆತ್ತಿಕೊಂಡು ನಾಲ್ಕು ಹೊಸ ಚೀಟಿಗಳನ್ನು ಎಳೆದುಕೊಂಡರು. ಆ ಕೈ ನಡುಗುತ್ತಿರಲಿಲ್ಲ.

"ಏನಿಲ್ಲ ಅನ್ನೋದು ಗೊತ್ತಾಯ್ತು" ಎಂದರು. "ಏನಿದೆ ಅದನ್ನ ಹೇಳು. ಬೆರಳಲ್ಲಿ ಅಲ್ಲ. ನೀನು ಹೇಳಿದ್ದನ್ನೇ ನಾನು ಅಲ್ಲಿ ಹೇಳೋದು. ಬೇರೆ ಯಾರ ನಾಲಿಗೇನೂ ನನ್ನ ಹತ್ರ ಇಲ್ಲ."

"ಆದ್ರೆ ನಿಮ್ಮ ಮಾತು..." ಎಂದು ಅಣ್ಣ ಶುರುಮಾಡಿದ.

"ಮಾತಿನ ಚಿಂತೆ ನನಗೆ ಬಿಡಿ."

ಅವಳು ಬಟ್ಟಲಿನತ್ತ ನೋಡಿದಳು. ಐದು ದಿನದಿಂದ ಏನೋ ಕಳೆದುಹೋಗಿದೆ ಎಂದೇ ಹೆದರಿದ್ದಳು. ಬಂದದ್ದು ಏನು ಎಂದು ನೋಡಿರಲೇ ಇಲ್ಲ. ಈಗ ಅದು ಬಾಯಿ ತುಂಬ ಇತ್ತು.

"ಮೊದಲು ಒಣದ್ರಾಕ್ಷಿ" ಎಂದಳು. ಮತ್ತೊಮ್ಮೆ, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು. "ಒಣದ್ರಾಕ್ಷಿ, ಅತ್ತಿಗೆ. ಆಮೇಲೆ ಕಿತ್ತಳೆ, ಆದ್ರೆ ಸಿಪ್ಪೆಯಲ್ಲ, ಹಣ್ಣೇ. ಜೇನು ಕೊನೇಲಿ ಬರುತ್ತೆ, ನುಂಗಿದ ಮೇಲೂ ಹೋಗಲ್ಲ. ನಾನು ಹೆದರ್ಕೊಂಡು ಸುಳ್ಳು ಹೇಳ್ದೆ. ಇದು ಮಲ್ಲಿಗೆ ಇದ್ದಾಗಿನ ಕಾಫಿಗಿಂತ ಚೆನ್ನಾಗಿದೆ."